ಚಟ್ಟಿಗೆ ಬಂದ ಕರಂಡೆ

ನಮ್ಮ ಮನೆಯ ಹಿಂದೆ, ನೀರಿಗಾಗಿ ಗುಡ್ಡೆಗೆ ಅಡ್ಡಕ್ಕೆ ಕೊರೆದ ಸುರಂಗದ ನೀರು ಬಂದು ಬೀಳುವ ಟಾಂಕಿ ಇದೆ. ಅದರ ಕಟ್ಟೆಯ ಮೇಲೆ ಒಂದು ಕರಂಡೆ ಗಿಡ, ಅಂದರೆ ಕವಳಿ ಹಣ್ಣಿನದ್ದು. ತಟ್ಟೆಯಲ್ಲಿ ಗಿಡ್ಡ ಮಾಡಿ ಬೆಳೆಸಿದ ಬೋನ್ಸಾಯ್. ಎತ್ತರ ಒಂದೂವರೆ ಅಡಿ. ಬುಡ ನನ್ನ ಮಣಿಕಟ್ಟಿಗಿಂತ ದಪ್ಪ. ಕೂತಿರುವುದು ಮೂರು ಇಂಚು ಆಳದ ಸಿಮೆಂಟ್ ತಟ್ಟೆಯಲ್ಲಿ. ಮನೆಗೆ ಬಂದವರು ಮೊದಲು ಕೇಳುವುದು, "ಇದಕ್ಕೆ ಎಷ್ಟು ವರ್ಷ?" ನನ್ನ ಕೈಗೆ ಬಂದು ಎಂಟು ವರ್ಷ. ಅದಕ್ಕೂ ಹಿಂದಿನ ಲೆಕ್ಕ ಅದು ಹುಟ್ಟಿದ ಪದವಿನ, ಅಂದರೆ ಬಯಲು ಗುಡ್ಡೆಯ, ಮುರಕಲ್ಲಿಗೇ (ಜಂಬಿಟ್ಟಿಗೆ) ಗೊತ್ತು. ಎರಡನೇ ಪ್ರಶ್ನೆ, "ಕಾಯಿ ಆಗ್ತದಾ?" ಅದಕ್ಕೆ ಉತ್ತರ ಹೇಳಲು ಹೊರಟರೆ ಸ್ವಲ್ಪ ಉದ್ದ ಆಗುತ್ತದೆ.

ನಾನು ಕಾಸರಗೋಡಿನ ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿ ವಿಜ್ಞಾನ ಟೀಚರ್. ಮನೆ ಬದಿಯಡ್ಕ ಕಡೆ. 2016ರ ಡಿಸೆಂಬರಿನಲ್ಲಿ ಮಕ್ಕಳನ್ನು ಮೈಸೂರಿಗೆ ಪ್ರವಾಸ ಕರೆದುಕೊಂಡು ಹೋಗಿದ್ದೆವು. ಅಲ್ಲಿ ದತ್ತ ಪೀಠದ ಕಿಷ್ಕಿಂಧಾ ಮೂಲಿಕಾ ಬೋನ್ಸಾಯ್ ಉದ್ಯಾನಕ್ಕೂ ಹೋದೆವು. ಅಂಗೈ ಅಗಲದ ಮಣ್ಣಿನಲ್ಲಿ ಆಲದ ಮರ ಬಿಳಲು ಬಿಟ್ಟು ನಿಂತಿತ್ತು. ಏಳನೇ ಕ್ಲಾಸಿನ ಒಬ್ಬಳು ನನ್ನ ಸೆರಗು ಎಳೆದು, "ಟೀಚರ್, ಇದಕ್ಕೆ ಹೊಟ್ಟೆಗೆ ಕೊಡುವುದಿಲ್ವಾ?" ಎಂದು ಕೇಳಿದಳು. ನನಗೂ ಆಗ ಹಾಗೇ ಅನ್ನಿಸಿತ್ತು. ಉಪವಾಸ ಕೆಡವಿ ಗಿಡ್ಡ ಮಾಡುತ್ತಾರೆ ಅಂತ. ಅದು ಪೂರಾ ತಪ್ಪು ಎಂದು ಗೊತ್ತಾದದ್ದು ನಾನೇ ಕೈ ಹಾಕಿದ ಮೇಲೆ. ತಟ್ಟೆಯಲ್ಲಿ ಇರುವುದು ಎರಡು ಹಿಡಿ ಮಣ್ಣು. ನೀರು ಹಾಕಿದಾಗಲೆಲ್ಲ ಅದರ ಸಾರ ತೊಳೆದು ಹೋಗುತ್ತದೆ. ಹಾಗಾಗಿ ನೆಲದ ಮರಕ್ಕಿಂತ ಇದಕ್ಕೇ ಊಟದ ಉಪಚಾರ ಜಾಸ್ತಿ. ಗಿಡ್ಡ ಮಾಡುವುದು ಹಸಿವಲ್ಲ, ಕತ್ತರಿ.

ಮೊದಲು ಟಾಂಕಿಯ ಗೋಡೆಯಲ್ಲಿ ಹುಟ್ಟಿದ್ದ ಅರಳಿ ಕಿತ್ತು ನೆಟ್ಟೆ. ಬದುಕಿತು, ಆದರೆ ಹೂವಿಲ್ಲ ಕಾಯಿಲ್ಲ, ನನಗೆ ಬೇಗ ಬೋರಾಯಿತು. ಆಮೇಲೆ ಮಂಗಳೂರಿನಿಂದ ಒಂದು ಕುಳ್ಳ ದಾಳಿಂಬೆ ತಂದೆ. ಬೋನ್ಸಾಯ್‌ಗೆ ದಾಳಿಂಬೆ ಒಳ್ಳೆಯದು ಎಂದು ಎಲ್ಲರೂ ಹೇಳುತ್ತಾರೆ. ಒಳ್ಳೆಯದೇ, ಒಣ ಊರಿನಲ್ಲಿ. ನಮ್ಮಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ. ಆಟಿ ತಿಂಗಳು (ಜುಲೈ-ಆಗಸ್ಟ್) ಮುಗಿಯುವಷ್ಟರಲ್ಲಿ ಅದರಲ್ಲಿ ಎಲೆಯೇ ಉಳಿದಿರಲಿಲ್ಲ.

2017ರ ಮೇಯಲ್ಲಿ ನಮ್ಮ ಮನೆಯಿಂದ ಅರ್ಧ ಮೈಲು ದೂರದ ಪದವಿಗೆ ಜೇಸಿಬಿ ಬಂತು. ಯಾರೋ ಜಾಗ ಕೊಂಡಿದ್ದರು, ಸಮ ಮಾಡಿಸುತ್ತಿದ್ದರು. ಆ ಪದವು ಎಂದರೆ ಬರೀ ಕಲ್ಲು ಹಾಸು. ಮಳೆಗಾಲದಲ್ಲಿ ಮುಳಿಹುಲ್ಲು, ಬೇಸಗೆಯಲ್ಲಿ ಕರಿ ಬಂಡೆ. ಕಲ್ಲಿನ ಸಂದಿಗಳಲ್ಲಿ ಕೇಪುಳ, ಕುಂಟಲ, ಕರಂಡೆ. ಒಂದೂ ಸೊಂಟದ ಮೇಲೆ ಬೆಳೆಯುತ್ತಿರಲಿಲ್ಲ. ದನ ಚಿಗುರು ಕಚ್ಚುತ್ತದೆ. ಎರಡು ವರ್ಷಕ್ಕೊಮ್ಮೆ ಹುಲ್ಲಿಗೆ ಬೆಂಕಿ ಬೀಳುತ್ತದೆ. ಬೇರು ಇಳಿಯಲು ಹೋದರೆ ಕಲ್ಲು. ಮೈಸೂರಿನಲ್ಲಿ ಜನ ಟಿಕೆಟ್ ಕೊಟ್ಟು ನೋಡುವಂಥದ್ದು ನಮ್ಮ ಪದವಿನಲ್ಲಿ ಸುಮ್ನೆ ಬಿದ್ದುಕೊಂಡಿದೆಯಲ್ಲ ಎಂದು ಆ ದಿನ ಮೊದಲ ಸಲ ಹೊಳೆಯಿತು. ಅದೂ ಜೇಸಿಬಿಯ ಬಕೆಟ್ ಎದುರು ನಿಂತಾಗ.

ಜಾಗದವರ ಹತ್ತಿರ ಕೇಳಿದೆ. "ಬೇಕಾದಷ್ಟು ತಕ್ಕೊಂಡು ಹೋಗಿ ಟೀಚರ್, ನಮಗೆ ಮುಳ್ಳು ಹೋದರೆ ಸಾಕು" ಎಂದರು. (ಒಪ್ಪಿಗೆ ಇಲ್ಲದೆ ಯಾರ ಗುಡ್ಡೆಯಿಂದಲೂ ಕೀಳಬಾರದು. ಕಾಡಿನಿಂದ ಕಿತ್ತು ತರುವುದಂತೂ ಬೇಡವೇ ಬೇಡ.) ಡ್ರೈವರ್ ಹುಡುಗ ಕೆಳಗೆ ಇಳಿದು, "ಉಂದು ದಾಯೆಗ್ ಅಕ್ಕಾ?" (ಇದು ಯಾಕೆ ಅಕ್ಕಾ?) ಎಂದು ತುಳುವಿನಲ್ಲಿ ಕೇಳಿ ನಕ್ಕ. ನಕ್ಕರೂ ಬಕೆಟಿನ ಹಲ್ಲಿನಿಂದ ಕಲ್ಲನ್ನು ಮೆಲ್ಲ ಎಬ್ಬಿಸಿ ಕೊಟ್ಟ. ಪಿಕ್ಕಾಸು ಹಿಡಿದು ನಾನು ಒಂದು ವಾರ ಅಗೆದಿದ್ದರೂ ಅದು ಏಳುತ್ತಿರಲಿಲ್ಲ. ಕಲ್ಲು ಎದ್ದ ಮೇಲೆ ನೋಡಿದರೆ ಬೇರೆಲ್ಲ ಅಡ್ಡಕ್ಕೆ, ಚಪ್ಪಟೆಯಾಗಿ, ಕೈಬೆರಳು ಅಗಲಿಸಿ ಇಟ್ಟ ಹಾಗೆ ಹರಡಿತ್ತು. ಒಂದೇ ಒಂದು ತಾಯಿಬೇರು ಸಂದಿ ಹುಡುಕಿಕೊಂಡು ಕೆಳಗೆ ಹೋಗಿತ್ತು. ಅದನ್ನು ಗರಗಸದಲ್ಲಿ ಕೊಯ್ದೆವು. ಬಿಳೀ ಹಾಲು ಧಾರೆಯಾಗಿ ಇಳಿಯಿತು. ಆ ಅಂಟು ಕೈಯಿಂದ ಹೋಗಲು ತೆಂಗಿನೆಣ್ಣೆ ತಿಕ್ಕಬೇಕಾಯಿತು.

ಹೀಗೆ ಎಬ್ಬಿಸಿದ ಮೂರು ಕುತ್ತಿಗಳನ್ನು (ಬೇರಿನ ಸಮೇತ ಬುಡಗಳನ್ನು) ಒದ್ದೆ ಗೋಣಿಯಲ್ಲಿ ಸುತ್ತಿ ಆಟೋದಲ್ಲಿ ಮನೆಗೆ ತಂದೆ. ಜಗಲಿಯಲ್ಲಿ ಕೂತು ಅಡಿಕೆ ಸುಲಿಯುತ್ತಿದ್ದ ಅತ್ತೆ ಕನ್ನಡಕದ ಮೇಲಿಂದ ನೋಡಿದರು. ನಮ್ಮ ಹವ್ಯಕ ಮಾತಿನಲ್ಲಿ ಒಂದೇ ವಾಕ್ಯ: "ಗುಡ್ಡೆಲಿ ಬೇಕಾದಷ್ಟು ಇದ್ದನ್ನೆ, ಚಟ್ಟಿಲಿ ಎಂತಕೆ?" (ಗುಡ್ಡೆಯಲ್ಲಿ ಬೇಕಾದಷ್ಟು ಇದೆಯಲ್ಲ, ಕುಂಡದಲ್ಲಿ ಯಾಕೆ?)

ಎಲೆ, ಸಪೂರ ಗೆಲ್ಲು (ಕೊಂಬೆ) ಎಲ್ಲ ಕತ್ತರಿಸಿ ಬರೀ ಬುಡ ಉಳಿಸಿದೆ. ಕೊಯ್ದ ಜಾಗ ಕೊಳೆಯದಿರಲು ಬೋರ್ಡೋ ಪೇಸ್ಟ್ ಹಚ್ಚಿದೆ. ಅಡಿಕೆ ತೋಟದ ಮನೆಯಲ್ಲಿ ಮೈಲುತುತ್ತು, ಸುಣ್ಣಕ್ಕೆ ಬರ ಇಲ್ಲ. ತೋಟಕ್ಕೆ ಬಿಡುವ ದ್ರಾವಣಕ್ಕೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣಕ್ಕೆ 100 ಲೀಟರ್ ನೀರು. ಪೇಸ್ಟಿಗೆ ಅಷ್ಟೇ ಸಾಮಾನು, ನೀರು ಮಾತ್ರ ಹತ್ತು ಲೀಟರ್. ನನಗೆ ಬೇಕಾದದ್ದು ಒಂದು ತೆಂಗಿನ ಗೆರಟೆಯಷ್ಟು, ನಮ್ಮವರು ಕಲಸಿ ಕೊಟ್ಟರು. ತೂತು ಬಿದ್ದ ಬಾಲ್ದಿಗಳಲ್ಲಿ ಹೊಯಿಗೆ (ಮರಳು), ಕಲ್ಲಿನ ಹರಳು ತುಂಬಿ ಕುತ್ತಿ ಇಟ್ಟೆ. ಅಲ್ಲಾಡದ ಹಾಗೆ ಬಳ್ಳಿ ಕಟ್ಟಿ ಕೊಟ್ಟಿಗೆಯ ಮಾಡಿನ ಅಡಿಯಲ್ಲಿ ಬಿಟ್ಟೆ. ನಲವತ್ತು ದಿನಕ್ಕೆ ಮೂರರಲ್ಲೂ ಕೆಂಪು ಚಿಗುರು. ಊರಿಗೆಲ್ಲ ಹೇಳಿಕೊಂಡು ಬಂದೆ. ಆಗಸ್ಟಿನಲ್ಲಿ ಎರಡು ಕುತ್ತಿ ಒಣಗಿದವು. ಬುಡದಲ್ಲಿ ಉಳಿದ ಶಕ್ತಿಯಿಂದ ಬೇರು ಇಲ್ಲದೆಯೂ ಚಿಗುರು ಬರುತ್ತದೆ. ಆ ಗಂಟು ಖಾಲಿ ಆಗುವಷ್ಟರಲ್ಲಿ ಬೇರು ಬಂದಿದ್ದರೆ ಬದುಕು, ಇಲ್ಲದಿದ್ದರೆ ಇಲ್ಲ. ಮೂರನೆಯದಕ್ಕೆ ಬಂದಿತ್ತು.

ಎರಡು ವರ್ಷ ಅದನ್ನು ಬಾಲ್ದಿಯಲ್ಲೇ ಬೆಳೆಯಲು ಬಿಟ್ಟೆ. ಗೆಲ್ಲು ಬಗ್ಗಿಸಲು ತಂತಿ ಬೇಕಲ್ಲ. ಪೇಟೆಯ ಮೋಟಾರು ವೈಂಡಿಂಗ್ ಅಂಗಡಿಯಲ್ಲಿ ಸುಟ್ಟುಹೋದ ಪಂಪಿನ ತಾಮ್ರದ ತಂತಿ ತೂಕಕ್ಕೆ ಸಿಗುತ್ತದೆ. ಎಳೆಯ ಗೆಲ್ಲಿಗೆ ಓರೆಯಾಗಿ ಸುತ್ತಿ ಬಗ್ಗಿಸಿದೆ. ಬಲಿತ ಗೆಲ್ಲಿಗೆ ಕೈ ಹಾಕಬೇಡಿ, ಕರಂಡೆ ಮರ ಗಟ್ಟಿ, ಬಗ್ಗುವುದಿಲ್ಲ, ಟಕ್ ಎಂದು ತುಂಡಾಗುತ್ತದೆ. ಮಳೆಗಾಲದಲ್ಲಿ ತಂತಿ ಬಿಚ್ಚಲು ಮರೆತೆ. ತೊಗಟೆ ತಂತಿಯನ್ನು ನುಂಗಿತು. ಎಡಗಡೆಯ ಕೆಳಗಿನ ಗೆಲ್ಲಿನಲ್ಲಿ ಸುರುಳಿ ಗಾಯ ಈಗಲೂ ಇದೆ. ಸ್ಕ್ರೂವಿನ ಸುತ್ತಿನ ಹಾಗೆ ಕಾಣುತ್ತದೆ.

2019ರ ಜೂನಿನಲ್ಲಿ ತಟ್ಟೆಗೆ ಹಾಕಿದೆ. ಆಗ ಮಾಡಿದ ತಪ್ಪು ಹೇಳಲೇಬೇಕು. ತೋಟದ ಒಳ್ಳೆ ಮಣ್ಣು, ಹಟ್ಟಿಗೊಬ್ಬರ ಎಲ್ಲ ಪ್ರೀತಿಯಿಂದ ಕಲಸಿ ತುಂಬಿದ್ದೆ. ಆಗಸ್ಟಿನ ಆ ದೊಡ್ಡ ಮಳೆಗೆ ತಟ್ಟೆ ಕೆಸರು ಗದ್ದೆ ಆಯಿತು. ಅಡಿಯಲ್ಲಿ ಎರಡು ತೂತು ಇತ್ತು, ನೀರು ಹೋಗುತ್ತಲೂ ಇತ್ತು. ಆದರೂ ಎಲೆ ಹಳದಿಯಾಗಿ ಉದುರಲು ಶುರು. ಮೂಸಿ ನೋಡಿದರೆ ಕೊಳೆತ ವಾಸನೆ.

ಆ ವಾರ ಕ್ಲಾಸಿನಲ್ಲಿ ಸ್ಪಂಜು ಇಟ್ಟುಕೊಂಡು ಏನೋ ತೋರಿಸುತ್ತಿದ್ದೆ. ಪಾತ್ರೆ ತೊಳೆಯುವ ಸ್ಪಂಜನ್ನು ನೀರಲ್ಲಿ ಅದ್ದಿ ಅಂಗೈ ಮೇಲೆ ಮಲಗಿಸಿ ಹಿಡಿಯಿರಿ. ಸ್ವಲ್ಪ ತೊಟ್ಟಿಕ್ಕಿ ನಿಲ್ಲುತ್ತದೆ. ಈಗ ಅದನ್ನೇ ನೆಟ್ಟಗೆ ನಿಲ್ಲಿಸಿ. ಮತ್ತೆ ಬಳಬಳ ಎಂದು ನೀರು ಇಳಿಯುತ್ತದೆ. ಸ್ಪಂಜು ಅದೇ, ನೀರು ಅದೇ. ಅಡಿಯಲ್ಲಿ ಇಷ್ಟು ಎತ್ತರದವರೆಗೆ ನೀರು ಕಚ್ಚಿಕೊಂಡೇ ಇರುತ್ತದೆ. ಮಲಗಿಸಿದರೆ ಆ ಎತ್ತರದಲ್ಲೇ ಪೂರಾ ಸ್ಪಂಜು ಬಂತು. ತಟ್ಟೆಯ ಕಥೆಯೂ ಅದೇ ಅಲ್ವಾ! ಆಳದ ಬಾಲ್ದಿಯಲ್ಲಿ ಅಡಿಯ ಎರಡು ಇಂಚು ಮಾತ್ರ ಜೌಗು, ಮೇಲಿನ ಬೇರಿಗೆ ಗಾಳಿ ಸಿಗುತ್ತದೆ. ಮೂರು ಇಂಚಿನ ತಟ್ಟೆಯಲ್ಲಿ ಎರಡು ಇಂಚು ಜೌಗು ಎಂದರೆ ಬೇರು ಉಸಿರಾಡುವುದು ಎಲ್ಲಿ? ಸಂಜೆ ಮನೆಗೆ ಬಂದವಳೇ ಬ್ಯಾಗು ಇಳಿಸುವ ಮೊದಲು ತಟ್ಟೆಯ ಒಂದು ಬದಿಗೆ ಒಂದು ಕಲ್ಲು ಕೊಟ್ಟು ಓರೆ ಮಾಡಿದೆ. ಇನ್ನೊಂದು ಬದಿಯ ತೂತಿನಿಂದ ಕಂದು ನೀರು ಧಾರೆಯಾಗಿ ಇಳಿಯಿತು. ಅರ್ಧ ಚೊಂಬಿನಷ್ಟು! ಆವತ್ತಿನಿಂದ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನನ್ನ ತಟ್ಟೆ ಸಮನಾಗಿ ಕೂತದ್ದಿಲ್ಲ.

ಮಣ್ಣನ್ನೂ ಬದಲಿಸಿದೆ. ಈಗ ಹಾಕುವುದು ಮುರಕಲ್ಲಿನ ಹರಳು ಎರಡು ಪಾಲು, ಹಂಚಿನ ಚೂರು ಒಂದು ಪಾಲು, ಹಳೆಯ ಸುಡುಮಣ್ಣು ಒಂದು ಪಾಲು. ಜರಡಿ ಹಿಡಿದು ಹುಡಿಯನ್ನೆಲ್ಲ ತೆಗೆದು ಬಿಡುತ್ತೇನೆ. ಮೆಂತೆ ಕಾಳಿನಿಂದ ಕಡಲೆ ಕಾಳಿನಷ್ಟು ದೊಡ್ಡ ಹರಳು ಮಾತ್ರ ಸಾಕು. ಹರಳು ದೊಡ್ಡದಾದಷ್ಟೂ ಕಚ್ಚಿ ನಿಲ್ಲುವ ನೀರಿನ ಎತ್ತರ ಕಡಿಮೆ. ಜಪಾನಿನವರು ಅಕಡಾಮಾ ಎಂಬ ಮಣ್ಣಿನ ಹರಳು ಬಳಸುತ್ತಾರೆ, ಇಲ್ಲಿ ಅದಕ್ಕೆ ಬಂಗಾರದ ಬೆಲೆ. ಕರಂಡೆ ಹುಟ್ಟಿದ್ದೇ ಮುರಕಲ್ಲಿನಲ್ಲಿ, ಅದಕ್ಕೆ ಜಪಾನಿನ ಮಣ್ಣು ಯಾಕೆ?

2020ರ ಮಾರ್ಚಿನಲ್ಲಿ ಲಾಕ್‌ಡೌನ್ ಆಯಿತು. ತಲಪಾಡಿಯಲ್ಲಿ ಕೇರಳ-ಕರ್ನಾಟಕ ಗಡಿ ಮುಚ್ಚಿದರು. ಮಂಗಳೂರಿಗೆ ಕೆಲಸಕ್ಕೆ ಹೋಗುವ ನಮ್ಮವರು ಮನೆಯಲ್ಲಿ, ಶಾಲೆ ಇಲ್ಲದ ನಾನೂ ಮನೆಯಲ್ಲಿ. ಬೆಳಗ್ಗೆ ಕಾಫಿ ಲೋಟ ಹಿಡಿದುಕೊಂಡು ಗಿಡದ ಮುಂದೆ ಕೂತರೆ ಕೈ ತನ್ನಿಂತಾನೇ ಕತ್ತರಿಗೆ ಹೋಗುತ್ತಿತ್ತು. ಇಲ್ಲೊಂದು ಚಿಗುರು ಹೊರಗೆ ಬಂತು, ಚಟ್. ಅಲ್ಲೊಂದು ಎಲೆ ದೊಡ್ಡದಾಯಿತು, ಚಟ್. ಒಂದೂವರೆ ವರ್ಷ ಹೀಗೆ ನಡೆಯಿತು. ಗಿಡ ಚಂದ ಆಯಿತು, ಸುಳ್ಳು ಹೇಳಬಾರದು. ಕೊಡೆ ಬಿಡಿಸಿಟ್ಟ ಹಾಗೆ ತಲೆ. ಹೆಬ್ಬೆರಳಿನಷ್ಟು ಇದ್ದ ಎಲೆ ಕಿರುಬೆರಳ ಉಗುರಿನಷ್ಟಾಯಿತು. ಫೋಟೋ ತೆಗೆದು ಎಲ್ಲರಿಗೂ ಕಳಿಸಿದೆ. ಹೂ ಮಾತ್ರ ಒಂದೂ ಇಲ್ಲ.

ಪದವಿನಲ್ಲಿ ಯಾರೂ ನೋಡದೆ ಬಿದ್ದಿದ್ದಾಗ ಪ್ರತಿ ವರ್ಷ ಹೂ ಬಿಡುತ್ತಿದ್ದ ಗಿಡ ಇದು. ಈಗ ಸುರಂಗದ ನೀರು, ಕಡ್ಲೆಹಿಂಡಿ ನೆನೆಹಾಕಿದ ನೀರು, ಗೋಮೂತ್ರ ಎಲ್ಲ ಕುಡಿದು ಬರೀ ಎಲೆ. ಹೂ ಇಲ್ಲ ಎಂದು ಇನ್ನಷ್ಟು ಹಿಂಡಿ ಹಾಕಿದೆ. ಇನ್ನಷ್ಟು ಎಲೆ ಬಂತು. ಬಂದ ಎಲೆಯನ್ನು ಕತ್ತರಿಸಿದೆ. "ಬಾಣಂತಿಗೆ ಮಾಡಿದ ಹಾಗೆ ಮಾಡ್ತಿ, ಮಗು ಎಲ್ಲಿ?" ಎಂದು ಅತ್ತೆ ಕೇಳಿದರು. ನಗು ಬಂತು, ಸಿಟ್ಟೂ ಬಂತು.

2021ರ ಸೆಪ್ಟೆಂಬರಿನಲ್ಲಿ ಒಂದು ಬೆಳಗ್ಗೆ ಅಂಗಳದ ಪಾಚಿಯಲ್ಲಿ ಜಾರಿ ಬಿದ್ದೆ. ಬಲಗೈ ಊರಿ ಬಿದ್ದದ್ದು, ಮಣಿಕಟ್ಟಿನ ಎಲುಬು ಬಿರುಕು ಬಿಟ್ಟಿತು. ಆರು ವಾರ ಪ್ಲಾಸ್ಟರ್. ಪ್ಲಾಸ್ಟರ್ ಬಿಚ್ಚಿದ ಮೇಲೂ ಒಂದು ತಿಂಗಳು ಕತ್ತರಿ ಹಿಡಿಯಲು ಬೆರಳು ಬಾಗುತ್ತಿರಲಿಲ್ಲ. ಗಿಡಕ್ಕೆ ನೀರು ಹಾಕುತ್ತಿದ್ದದ್ದು ನಮ್ಮವರು, ನೆನಪಾದಾಗ. ಹಿಂಡಿ ನೀರು ಯಾರೂ ಹಾಕಲಿಲ್ಲ. ಚಂದದ ಕೊಡೆ ಹೋಗಿ ನಾಲ್ಕು ಸುತ್ತಲೂ ಉದ್ದುದ್ದ ಗೆಲ್ಲು. ತಲೆ ಬಾಚದ ಮಗುವಿನ ಹಾಗೆ ಕಾಣುತ್ತಿತ್ತು. ಡಿಸೆಂಬರಿನಲ್ಲಿ ಕೈ ಸರಿಯಾಯಿತು. ಕತ್ತರಿ ಹಿಡಿದು ಹೋದೆ. ಅದ್ಯಾಕೋ ಆ ದಿನ ಯಾರೋ ನೆಂಟರು ಬಂದರು, ಕೆಲಸ ಹಾಗೇ ಉಳಿಯಿತು. ಆಮೇಲೆ ಪರೀಕ್ಷೆ, ಪೇಪರು. ಹಾಗಾಗಿ ಬಚಾವ್.

2022ರ ಫೆಬ್ರವರಿಯ ಮೊದಲ ವಾರ. ಬೆಳಗ್ಗೆ ನೀರು ಹಾಕಲು ಹೋದಾಗ ಪ್ರತಿ ಉದ್ದ ಗೆಲ್ಲಿನ ತುದಿಯಲ್ಲೂ ಬೆಂಕಿಕಡ್ಡಿಯ ತಲೆಯಂಥ ಏನೋ ಗೊಂಚಲು. ಬಗ್ಗಿ ನೋಡಿದೆ. ಮೊಗ್ಗು! ನಸುಗೆಂಪು ನಳಿಕೆ, ತುದಿಯಲ್ಲಿ ಬಿಳಿ ಸುರುಳಿ. ತುದಿಯಲ್ಲಿ. ಪ್ರತಿಯೊಂದೂ ಗೆಲ್ಲಿನ ತುದಿಯಲ್ಲೇ. ಅಲ್ಲೇ ನಿಂತು ನನ್ನ ಹಣೆಗೆ ನಾನೇ ಹೊಡೆದುಕೊಂಡೆ. ಕರಂಡೆ ಹೂ ಬಿಡುವುದು ಬಲಿತ ಗೆಲ್ಲಿನ ಕೊನೆಯಲ್ಲಿ. ಹೂ ಮುಗಿದ ಮೇಲೆ ಅದರ ಕೆಳಗಿನಿಂದ ಎರಡು ಗೆಲ್ಲು ಕವಲು ಒಡೆಯುತ್ತದೆ, ಕವಲಿನಲ್ಲಿ ಜೋಡಿ ಮುಳ್ಳು. ಒಂದೂವರೆ ವರ್ಷ ನಾನು ಚಟ್ ಚಟ್ ಎಂದು ತೆಗೆದದ್ದೆಲ್ಲ ಆ ತುದಿಗಳನ್ನೇ. ಇಪ್ಪತ್ತು ವರ್ಷ ಮಕ್ಕಳಿಗೆ ಹೂವಿನ ಭಾಗ ಪಾಠ ಮಾಡಿದ್ದೇನೆ. ಬೋರ್ಡಿನಲ್ಲಿ ಚಿತ್ರ ಬಿಡಿಸಿದ್ದೇನೆ. ಹೂ ಗೆಲ್ಲಿನ ಯಾವ ಜಾಗದಲ್ಲಿ ಬರುತ್ತದೆ ಎಂದು ಒಂದು ಸಲ ಗುಡ್ಡೆಗೆ ಹೋಗಿ ನೋಡಿದ್ದರೆ ಸಾಕಿತ್ತು.

ಅರಳಿದ ಹೂ ಮಲ್ಲಿಗೆಯ ತಂಗಿ. ಐದು ಎಸಳು, ಗಾಳಿಚಕ್ರದ ಹಾಗೆ ಒಂದೇ ಕಡೆಗೆ ತಿರುಗಿರುತ್ತದೆ. ಸಂಜೆ ಪರಿಮಳ ಜಗಲಿಯವರೆಗೆ ಬರುತ್ತದೆ. ಘಟ್ಟದ ಮೇಲಿನವರು ಇದನ್ನು ಕವಳಿ ಹಣ್ಣಿನ ಗಿಡ ಎನ್ನುತ್ತಾರೆ. ಆದರೆ 1767ರಲ್ಲಿ ಸ್ವೀಡನ್ನಿನ ಲಿನೇಯಸ್ ಇಟ್ಟ ಹೆಸರಿನಲ್ಲೂ ನಮ್ಮ ಮಾತೇ ಇದೆ: ಕರಂಡಾಸ್. ಪೂರ್ತಿ ಹೆಸರು ಕರಿಸ್ಸಾ ಕರಂಡಾಸ್. ಲ್ಯಾಟಿನ್ ಹೆಸರು ಎಂದರೆ ಬಾಯಿ ಬಿಡುವ ಮಕ್ಕಳು ಈ ಒಂದನ್ನು ಮಾತ್ರ ಯಾವತ್ತೂ ಮರೆತಿಲ್ಲ.

ಆ ವರ್ಷ ಕಾಯಿ ಆಗಲಿಲ್ಲ. ಅದೂ ನನ್ನದೇ ಕಿತಾಪತಿ. ಐದು ವರ್ಷ ಕಾದು ಬಂದ ಹೂ, ಹಿತ್ತಿಲಲ್ಲಿ ಯಾರು ನೋಡುತ್ತಾರೆ? ತಟ್ಟೆ ಎತ್ತಿ ತಂದು ಜಗಲಿಯ ಮೇಜಿನಲ್ಲಿಟ್ಟೆ. ಮೇಲೆ ಎಲ್‌ಇಡಿ ದೀಪ, ಸುತ್ತ ಸೊಳ್ಳೆ ಬಲೆಯ ಕಿಟಕಿ. ಬಂದವರೆಲ್ಲ ನೋಡಿದರು. ಹೂವೆಲ್ಲ ಹತ್ತು ದಿನದಲ್ಲಿ ಉದುರಿ ಮೇಜಿನ ಮೇಲೆ ಬಿತ್ತು. ಒಂದು ತೊಟ್ಟೂ ಉಳಿಯಲಿಲ್ಲ. ಮರುವರ್ಷ ಟಾಂಕಿ ಕಟ್ಟೆಯಲ್ಲೇ ಬಿಟ್ಟೆ. ರಾತ್ರಿ ಒಂಬತ್ತು ಗಂಟೆಗೆ ಟಾರ್ಚ್ ಹಿಡಿದು ನೋಡಿದರೆ ಬೂದು ಬಣ್ಣದ ಪತಂಗವೊಂದು ಹೂವಿನ ಎದುರು ಗಾಳಿಯಲ್ಲೇ ನಿಂತು ರೆಕ್ಕೆ ಬಡಿಯುತ್ತಿತ್ತು. ಹೂವಿನ ನಳಿಕೆ ಸೂಜಿಯಷ್ಟು ಸಪೂರ. ಅದರ ಒಳಗೆ ಇಳಿಯಲು ಉದ್ದ ನಾಲಗೆಯೇ ಬೇಕು. ಹಗಲು ಮುಜಂಟಿ ಜೇನು (ಚುಚ್ಚದ ಸಣ್ಣ ಜೇನು) ಬಂದು ಹೂವಿನ ಬಾಯಿ ಮೂಸಿ ಹೋಗುತ್ತಿತ್ತು, ಅಷ್ಟೇ. ಜಗಲಿಯ ಬಲೆಯೊಳಗೆ ಆ ಪತಂಗ ಎಲ್ಲಿಂದ ಬರಬೇಕು?

2023ರಲ್ಲಿ 23 ಕಾಯಿ ನಿಂತಿತು. ದಿನಾ ಎಣಿಸುತ್ತಿದ್ದೆ. ಎಲೆಯನ್ನು ಉಗುರಿನಷ್ಟು ಮಾಡಬಹುದು, ಆದರೆ ಹೂವನ್ನೂ ಕಾಯಿಯನ್ನೂ ಸಣ್ಣ ಮಾಡಲು ಬರುವುದಿಲ್ಲ. ತಟ್ಟೆಯ ಕರಂಡೆಗೂ ಕಾಯಿ ಗುಡ್ಡೆಯ ಕಾಯಿಯಷ್ಟೇ ದೊಡ್ಡದು, ನೆಲ್ಲಿಕಾಯಿಗಿಂತ ಸ್ವಲ್ಪ ಸಣ್ಣ. ಹಾಗಾಗಿಯೇ ಬೋನ್ಸಾಯ್‌ಗೆ ಸಣ್ಣ ಹಣ್ಣಿನ ಗಿಡ ಆರಿಸಬೇಕು. ಒಂದೂವರೆ ಅಡಿ ಮರದಲ್ಲಿ ಮೂಸಂಬಿ ನೇತಾಡಿದರೆ ಏನು ಚಂದ? ಕರಂಡೆ ಅಲ್ಲಿ ಸರಿ ಹೊಂದುತ್ತದೆ. ಬಿಳಿಗೆ ನಸುಗೆಂಪು ಬಳಿದ ಕಾಯಿ, ಆಮೇಲೆ ಕೆಂಪು, ಕೊನೆಗೆ ಜಂಬು ನೇರಳೆಯ ಕಪ್ಪು.

ಇಪ್ಪತ್ತಮೂರನ್ನೂ ಬಿಟ್ಟೆ. ಒಂದನ್ನೂ ಕೀಳಲು ಮನಸ್ಸು ಬರಲಿಲ್ಲ. 2024ರಲ್ಲಿ ಅದರ ಬಿಲ್ಲು ಬಂತು. ಬಲಗಡೆಯ ಮೇಲಿನ ಗೆಲ್ಲು ಪೂರಾ ಒಣಗಿತು. ಉಳಿದದ್ದರಲ್ಲಿ ಮೂರೋ ನಾಲ್ಕೋ ಹೂ. ಹೊಟ್ಟೆಕಿಚ್ಚಿನ ದೃಷ್ಟಿ ಎಂದು ಅತ್ತೆ ಉಪ್ಪು ಮೆಣಸು ನಿವಾಳಿಸಿದರು. ನಾನು ಜೂನಿನ ಮೊದಲ ಮಳೆಗೆ ಗಿಡವನ್ನು ತಟ್ಟೆಯಿಂದ ಎಬ್ಬಿಸಿದೆ. ಹರಳು ಬದಲಿಸಿದ್ದು ಬಿಟ್ಟರೆ ಬೇರಿಗೆ ಐದು ವರ್ಷ ಕೈ ಹಾಕಿರಲಿಲ್ಲ. ಅಡಿಯಲ್ಲಿ ತೆಂಗಿನ ನಾರಿನ ಚಾಪೆಯ ಹಾಗೆ ಬೇರು ಸುತ್ತಿಕೊಂಡಿತ್ತು. ಕಾಯಿ ಬಿಟ್ಟು ಸುಸ್ತಾದ ಗಿಡಕ್ಕೆ ಬೇರಿಗೂ ಜಾಗ ಇಲ್ಲ. ಬಾಚಣಿಗೆಯಲ್ಲಿ ಜಡೆ ಬಿಡಿಸಿದ ಹಾಗೆ ಕಬ್ಬಿಣದ ಕೊಕ್ಕೆಯಿಂದ ಮೆಲ್ಲ ಬಿಡಿಸಿದೆ. ಮೂರರಲ್ಲಿ ಒಂದು ಪಾಲು ಬೇರು ಕೊಯ್ದೆ. ಹಾಲು ನಿಲ್ಲುವವರೆಗೆ ನೀರಲ್ಲಿ ತೊಳೆದೆ. ತೂತಿಗೆ ಶೇಡ್ ನೆಟ್ಟಿನ ತುಂಡು ಇಟ್ಟು, ಹೊಸ ಹರಳು ತುಂಬಿ, ಗಾಳಿಗೆ ಅಲ್ಲಾಡದ ಹಾಗೆ ತಂತಿಯಿಂದ ತಟ್ಟೆಗೆ ಬಿಗಿದೆ. ಇಪ್ಪತ್ತು ದಿನ ನೆರಳು. ಈಗ ಎರಡೂವರೆ ಮೂರು ವರ್ಷಕ್ಕೊಮ್ಮೆ ಈ ಕೆಲಸ ಕಡ್ಡಾಯ.

ಉಳಿದ ದಿನಚರಿ ದೊಡ್ಡ ಸಂಗತಿ ಅಲ್ಲ. ಕಾಯಿ ಮುಗಿದ ಮೇಲೆ ಜೂನಿನಲ್ಲಿ ಗಟ್ಟಿ ಕತ್ತರಿ. ಆಟಿಯಲ್ಲಿ ಒಮ್ಮೆ ಚಿಗುರು ಚಿವುಟುವುದು. ಚೌತಿ ಕಳೆದ ಮೇಲೆ ಕತ್ತರಿ ನಮ್ಮವರ ಹತ್ತಿರ. ಹೌದು, ನಿಜವಾಗಿಯೂ ಅವರ ಕೈಗೆ ಕೊಟ್ಟುಬಿಡುತ್ತೇನೆ, ಅವರು ಕಪಾಟಿನ ಮೇಲಿಡುತ್ತಾರೆ. ಹಿಂಡಿ ನೀರು ಸೆಪ್ಟೆಂಬರ್‌ವರೆಗೆ ಮಾತ್ರ. ಅಕ್ಟೋಬರಿನಲ್ಲಿ ಒಂದು ಚಮಚ ಎಲುಬಿನ ಹುಡಿ, ಒಲೆಯ ಬೂದಿ ಒಂದು ಚಿಟಿಕೆ. ಡಿಸೆಂಬರ್, ಜನವರಿಯಲ್ಲಿ ಮೇಲಿನ ಹರಳು ಒಣಗಿ ಬಣ್ಣ ಬದಲಾದ ಮೇಲೆಯೇ ನೀರು. ಎಪ್ರಿಲಿನಲ್ಲಿ ದಿನಕ್ಕೆ ಎರಡು ಸಲ, ತಪ್ಪಿಸುವಂತಿಲ್ಲ. ಎಲ್ಲಾದರೂ ಹೋಗುವುದಿದ್ದರೆ ಒದ್ದೆ ಹೊಯಿಗೆ ತುಂಬಿದ ಬುಟ್ಟಿಯ ಮೇಲೆ ತಟ್ಟೆ ಇಟ್ಟು ಹೋಗುತ್ತೇನೆ. ಹಿಟ್ಟು ತಿಗಣೆ ಬರುತ್ತದೆ, ಕೆಂಪಿರುವೆ ಅದನ್ನು ಕಾಯುತ್ತದೆ. ಲೀಟರ್ ನೀರಿಗೆ ಒಂದು ಚಮಚ ಬೇವಿನ ಎಣ್ಣೆ, ಸ್ವಲ್ಪ ಸಾಬೂನು ಕದಡಿ ಎರಡು ಮೂರು ಸಲ ಬಿಟ್ಟರೆ ಹೋಗುತ್ತದೆ. ಮೊದಲು ಇರುವೆಯ ದಾರಿ ತಪ್ಪಿಸಬೇಕು, ಇಲ್ಲದಿದ್ದರೆ ಮತ್ತೆ ತಂದು ಬಿಡುತ್ತದೆ.

2025ರ ಫೆಬ್ರವರಿಯಲ್ಲಿ ಮತ್ತೆ ಚೆನ್ನಾಗಿ ಹೂ ಬಂತು. ಮೂವತ್ತರ ಹತ್ತಿರ ಹೀಚು. ಈ ಸಲ ಮನಸ್ಸು ಗಟ್ಟಿ ಮಾಡಿ ಹದಿನಾಲ್ಕು ಉಳಿಸಿ ಉಳಿದದ್ದೆಲ್ಲ ಚಿವುಟಿದೆ. ಮೇ ಅರ್ಧ ಕಳೆದಾಗ ಕಾಯಿಗೆ ಕೆಂಪು ಏರಿತ್ತು. ಆ ವರ್ಷ ಮಳೆಯ ಗಡಿಬಿಡಿ ನಿಮಗೂ ನೆನಪಿರಬಹುದು. ಕೇರಳಕ್ಕೆ ಮುಂಗಾರು ಮೇ 24ಕ್ಕೇ ಬಂದುಬಿಟ್ಟಿತು, ಲೆಕ್ಕಕ್ಕಿಂತ ಎಂಟು ದಿನ ಮೊದಲು. ಅದಕ್ಕೂ ಎರಡು ದಿನ ಹಿಂದೆಯೇ ಅತ್ತೆ ಟಾಂಕಿ ಕಟ್ಟೆಗೆ ಬಂದು ನಿಂತರು. ಸೊಂಟ ನೋವು ಶುರುವಾದ ಮೇಲೆ ಅವರು ಹಿತ್ತಿಲಿಗೆ ಬರುವುದೇ ಅಪರೂಪ.

"ಈ ವರ್ಷ ಕರಂಡೆ ಉಪ್ಪಿನಕಾಯಿ ಹಾಕಲಿಲ್ಲ" ಎಂದರು.

"ಪದವಿನಲ್ಲಿ ನೋಡಿಕೊಂಡು ಬರ್ಲಾ ಅತ್ತೆ?"

"ಎಲ್ಲಿಯ ಪದವು? ಅಲ್ಲೀಗ ಕಾಂಪೌಂಡು." ಸ್ವಲ್ಪ ಹೊತ್ತು ಸುಮ್ಮನಿದ್ದರು. "ಪೇಟೆಯಲ್ಲೂ ಸಿಗ್ಲಿಲ್ಲ ಅಂದ ಮಗ. ನಿನ್ನದರಲ್ಲಿ ಎಷ್ಟಿದೆ?"

ಎಷ್ಟಿದೆ ಎಂದು ನನಗಿಂತ ಮೊದಲು ಅವರೇ ಎಣಿಸಿಯಾಗಿತ್ತು ಎಂದು ನನ್ನ ಗುಮಾನಿ.

ಹನ್ನೆರಡು ಕೊಯ್ದು ಕೊಟ್ಟೆ. ಎರಡನ್ನು ಹಣ್ಣಾಗಲು ಬಿಟ್ಟೆ. ಅತ್ತೆ ಮುಳ್ಳಿಗೆ ತಾಗದ ಹಾಗೆ ಸೆರಗಿನಲ್ಲಿ ಹಾಕಿಕೊಂಡು ಹೋದರು. ಅಡುಗೆ ಮನೆಯ ನೆಲದಲ್ಲಿ ಕೂತು ಒಂದೊಂದನ್ನೇ ಎರಡು ಹೋಳು ಮಾಡಿ, ಹಾಲು ಹೋಗಲು ಉಪ್ಪು ನೀರಿನಲ್ಲಿ ಹಾಕಿಟ್ಟರು. ನಾಲ್ಕನೇ ದಿನ ಸಾಸಿವೆ, ಮೆಣಸು, ಅರಸಿನ ಅರೆದು ಬೆರೆಸಿದರು. ಮೊದಲೆಲ್ಲ ಭರಣಿಗಟ್ಟಲೆ ಹಾಕಿದ ಕೈ ಅದು. ಈಗ ಹಾರ್ಲಿಕ್ಸ್ ಕುಪ್ಪಿಯ ತಳ ಮುಚ್ಚಿತು, ಅಷ್ಟೇ. ಬಾಯಿಗೆ ಬಟ್ಟೆ ಕಟ್ಟಿ ಮಾಡಿನ ಕೆಳಗಿನ ಹಲಗೆಯಲ್ಲಿ ಎಲ್ಲಕ್ಕಿಂತ ಹಿಂದೆ ಇಟ್ಟರು, ಮೊಮ್ಮಕ್ಕಳ ಕೈಗೆ ಸಿಗದ ಹಾಗೆ.

ಬಿಟ್ಟ ಎರಡರಲ್ಲಿ ಒಂದನ್ನು ಪಿಕಳಾರ ತಿಂದಿತು. ಇನ್ನೊಂದರ ಬೀಜ ಆ ದಿನವೇ ಹೊಯಿಗೆಯಲ್ಲಿ ಊರಿದೆ. ಒಣಗಿಸಿಟ್ಟರೆ ಹುಟ್ಟುವುದು ಕಷ್ಟ. ಮೂರು ಸಸಿ ಎದ್ದಿದೆ.

ಆಟಿ ಅಮಾವಾಸ್ಯೆಯ ಮರುದಿನ, ಹೊರಗೆ ಮಳೆ ಸುರಿಯುತ್ತಿದ್ದಾಗ, ಗಂಜಿಯ ಬಟ್ಟಲಿನ ಬದಿಗೆ ಅತ್ತೆ ಒಂದು ಹೋಳು ಬಡಿಸಿದರು. ತಮಗೊಂದು, ನನಗೊಂದು. ಕಚ್ಚಿದೆ. ಅವರು ನನ್ನ ಮುಖವನ್ನೇ ನೋಡುತ್ತಿದ್ದರು.

"ಉಪ್ಪು ಒಂಚೂರು ಜಾಸ್ತಿ ಆಯ್ತು ಅತ್ತೆ."

"ಹನ್ನೆರಡಕ್ಕೆ ಎಷ್ಟು ಉಪ್ಪು ಹಾಕುವುದೂಂತ ನನಗೆಲ್ಲಿ ಗೊತ್ತು?" ಎಂದರು. "ಬರುವ ವರ್ಷ ಇಪ್ಪತ್ತು ಬಿಡು."